ಅಪ್‌ಡೇಟ್ ಆಗುವಾಗ ಪಕ್ಕದಲ್ಲಿ ಒಬ್ಬರು ಕೂತಿರಬೇಕು

ಬೆಳಿಗ್ಗೆ ಏಳೂವರೆಗೆ ವಿಮಲಾ ಮೇಡಂ ಕಳಿಸಿದ ಒಂದು ವಾಟ್ಸಾಪ್ ಸಂದೇಶದಿಂದ ಚಕ್ರಪಾಣಿಯವರ ದಿನ ಕೆಟ್ಟಿತು. ಸಂದೇಶದಲ್ಲಿ ಕೆಟ್ಟದ್ದೇನೂ ಇರಲಿಲ್ಲ. “ಸಾರ್, ನಮ್ಮ ಕಂಪ್ಯೂಟರಿನ ಅಪ್‌ಡೇಟ್ ರಾತ್ರಿ ತಾನೇ ಆಗಿಹೋಗಿದೆ. ಇವತ್ತು ಬರುವ ತೊಂದರೆ ತಗೋಬೇಡಿ. ಧನ್ಯವಾದ.” ಕೆಳಗೆ ಎರಡು ಜೋಡಿ ಮುಗಿದ ಕೈ, ಒಂದು ಗುಲಾಬಿ.

ಬೇರೆ ಯಾರಾದರೂ ಆಗಿದ್ದರೆ ಒಂದು ಕೆಲಸ ಕಡಿಮೆಯಾಯಿತೆಂದು ಮತ್ತೆ ಮುಸುಕೆಳೆದು ಮಲಗುತ್ತಿದ್ದರು. ಚಕ್ರಪಾಣಿ ಮಂಚದ ತುದಿಯಲ್ಲಿ ಕೂತು ಅದನ್ನು ನಾಲ್ಕು ಸಲ ಓದಿದರು. ಅವತ್ತು ನವೆಂಬರ್ ಹದಿನೈದು, ಶನಿವಾರ, ಅವರಿಗೆ ಅರವತ್ನಾಲ್ಕು ತುಂಬಿದ ದಿನ. ಆ ವಿಷಯ ಗೊತ್ತಿದ್ದದ್ದು ಲೋಕದಲ್ಲಿ ಇಬ್ಬರಿಗೆ. ಒಬ್ಬರು ಅವರೇ. ಇನ್ನೊಂದು, ಅವರು ಯಾವ ಕಾಲದಲ್ಲೋ ಕನ್ನಡಕ ಮಾಡಿಸಿದ್ದ ಅಂಗಡಿ. ಅಂಗಡಿಯವರು ಆರು ಗಂಟೆಗೇ ಶುಭಾಶಯ ಕಳಿಸಿ, ಫ್ರೇಮುಗಳ ಮೇಲೆ ಶೇಕಡಾ ಹತ್ತು ರಿಯಾಯಿತಿ ಇದೆ ಎಂದು ತಿಳಿಸಿದ್ದರು.

ಹುಟ್ಟಿದ ದಿನ ಒಬ್ಬರೇ ಊಟ ಮಾಡಬಾರದು ಎಂಬುದಷ್ಟೇ ಚಕ್ರಪಾಣಿಯವರ ಆಸೆ. ಹೋದ ವರ್ಷ ದರ್ಶಿನಿಯಲ್ಲಿ ನಿಂತುಕೊಂಡು ಮೊಸರನ್ನ ತಿಂದಿದ್ದರು. ಅದರ ಹಿಂದಿನ ವರ್ಷವೂ ಅದೇ ದರ್ಶಿನಿ, ಅದೇ ಮೊಸರನ್ನ. ಈ ಸಲ ಹಾಗಾಗಬಾರದೆಂದು ಎರಡು ವಾರ ಮೊದಲೇ ತಯಾರಿ ಮಾಡಿಕೊಂಡಿದ್ದರು. ವಿಮಲಾ ಮೇಡಂ ಕಂಪ್ಯೂಟರಿಗೆ ಅಪ್‌ಡೇಟ್ ಬಂದು ಕಾಯುತ್ತಿದ್ದಾಗ, “ಇದು ದೊಡ್ಡದು ಮೇಡಂ, ಮೂರು ಗಂಟೆ ಹಿಡಿಯತ್ತೆ. ಹದಿನೈದನೇ ತಾರೀಕು ಹನ್ನೊಂದಕ್ಕೆ ಹಾಕೋಣ,” ಎಂದು ಮುಂದಕ್ಕೆ ಹಾಕಿದ್ದರು. ಹನ್ನೊಂದಕ್ಕೆ ಮೂರು ಕೂಡಿಸಿದರೆ ನಡುವೆ ಊಟದ ಹೊತ್ತು ಬರುತ್ತದೆ. ಊಟದ ಹೊತ್ತಿಗೆ ಮನೆಯಲ್ಲಿ ಕೂತವರನ್ನು ಜಯನಗರ ಏಳನೇ ಬ್ಲಾಕಿನಲ್ಲಿ ಯಾರೂ ಬರಿ ಹೊಟ್ಟೆಯಲ್ಲಿ ಕಳಿಸುವುದಿಲ್ಲ.

ಚಕ್ರಪಾಣಿ ಮೂವತ್ತೆರಡು ವರ್ಷ ಒಂದು ಶಾಯಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದವರು. ಮದುವೆಯಾಗಲಿಲ್ಲ. ಅಕ್ಕನ ಮದುವೆ ಮುಗಿಯಲಿ, ಅಮ್ಮನ ಕಾಯಿಲೆ ಒಂದು ದಾರಿಗೆ ಬರಲಿ ಎಂದು ಒಂದೊಂದು ಸಲವೂ ‘ಆಮೇಲೆ ನೆನಪಿಸು’ ಎಂಬ ಬಟನ್ ಒತ್ತುತ್ತ ಬಂದರು. ಕೊನೆಗೆ ನೆನಪಿಸುವವರೇ ಇಲ್ಲವಾದರು. ನಿವೃತ್ತರಾದ ಮೇಲೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದವರಿಗೆ ಬೀದಿಯ ಆರು ಮನೆಯ ಕಂಪ್ಯೂಟರುಗಳು ತಾವಾಗಿಯೇ ಒಲಿದು ಬಂದವು. ಒಬ್ಬರ ಪ್ರಿಂಟರು ಸರಿ ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗಿ, ಅವರಿಂದ ಮತ್ತೊಬ್ಬರಿಗೆ ಗೊತ್ತಾಯಿತು. ಅವರು ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಅದಕ್ಕೆ ಬದಲಾಗಿ ಒಂದು ಸುಳ್ಳು ಹೇಳಿದ್ದರು.

ಅಪ್‌ಡೇಟ್ ಆಗುವಾಗ ಗೊತ್ತಿರುವವರು ಒಬ್ಬರು ಪಕ್ಕದಲ್ಲಿ ಕೂತಿರಬೇಕು ಎಂಬುದೇ ಆ ಸುಳ್ಳು. ಇಲ್ಲದಿದ್ದರೆ ಯಂತ್ರ ಹಾದಿ ತಪ್ಪುತ್ತದೆ ಎಂದಿದ್ದರು. ಹಾಲಿಟ್ಟು ಒಲೆಯ ಮುಂದೆ ನಿಂತು ಅಭ್ಯಾಸವಿದ್ದ ಬೀದಿಗೆ ಇದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ. ಹೀಗಾಗಿ ತಿಂಗಳಿಗೆ ಆರು ಸಲ ಚಕ್ರಪಾಣಿ ಯಾರದಾದರೂ ಮನೆಯ ಹಾಲ್‌ನಲ್ಲಿ ಕೂತು, ಶೇಕಡಾ ಇಪ್ಪತ್ತು, ಮೂವತ್ತು ಎಂದು ಏರುವುದನ್ನು ನೋಡುತ್ತ, ಕಾಫಿ ಕುಡಿಯುತ್ತ, ಆ ಮನೆಯವರ ಮೊಣಕಾಲು ನೋವು, ಬಾಡಿಗೆದಾರರ ಜಗಳ ಎಲ್ಲ ಕೇಳುತ್ತಿದ್ದರು. ಬೇಗ ಮುಗಿದರೆ ಅವರಿಗೆ ಬೇಜಾರು. ಅದಕ್ಕಾಗಿ ಒಂದು ಚಿಕ್ಕ ಕೆಲಸ ಬಾಕಿ ಇಟ್ಟು, “ಇನ್ನೊಂದಿದೆ, ಮುಂದಿನ ಗುರುವಾರ ಬರ್ತೀನಿ,” ಎಂದು ಎದ್ದು ಬರುತ್ತಿದ್ದರು.

ಇನ್ನೂ ಒಂದು ಕಳ್ಳತನವಿತ್ತು. ಆರೂ ಮನೆಯ ಕಂಪ್ಯೂಟರಿಗೆ ಅವರು ಒಂದೇ ಪಾಸ್‌ವರ್ಡ್ ಇಟ್ಟಿದ್ದರು, ಎಂಟು ಅಂಕಿಯದು: ಹದಿನೈದು, ಹನ್ನೊಂದು, ಹತ್ತೊಂಬತ್ತು, ಅರವತ್ತೊಂದು. ಅದು ಅವರು ಹುಟ್ಟಿದ ತಾರೀಕು. ಕೇಳಿದವರಿಗೆ ಮಾತ್ರ “ಅದು ಮಷೀನ್ ನಂಬರ್, ಬದಲಾಯಿಸ್ಬೇಡಿ,” ಎಂದಿದ್ದರು. ಬೀದಿಯ ಹತ್ತು ಹನ್ನೆರಡು ಜನ ದಿನಾ ಬೆಳಿಗ್ಗೆ ಚಕ್ರಪಾಣಿಯವರ ಹುಟ್ಟುಹಬ್ಬವನ್ನು ಬೆರಳಿನಿಂದ ಒತ್ತಿ ದಿನ ಶುರು ಮಾಡುತ್ತಿದ್ದರು. ಒಂದಲ್ಲ ಒಂದು ನವೆಂಬರ್ ಹದಿನೈದಕ್ಕೆ ಯಾರಾದರೂ ಒತ್ತುತ್ತ ಒತ್ತುತ್ತ ಬೆರಳು ನಿಲ್ಲಿಸಿ, ಇದು ಇವತ್ತಿನ ತಾರೀಕಲ್ಲವೇ ಎಂದು ಕೇಳಬಹುದು ಎಂದು ಅವರು ಕಾದಿದ್ದರು. ನಾಲ್ಕು ನವೆಂಬರ್ ಕಳೆದಿದ್ದವು.

ಶನಿವಾರದ ರಾಹುಕಾಲ ಹತ್ತೂವರೆಗೆ ಮುಗಿಯಿತು. ಹತ್ತು ಮೂವತ್ತೈದಕ್ಕೆ ಚಕ್ರಪಾಣಿ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ತೊಟ್ಟು, ಕಪ್ಪು ಬ್ಯಾಗು ಹೆಗಲಿಗೇರಿಸಿ ಹೊರಟರು. ಬೀದಿಯ ಮೂಲೆಯಲ್ಲಿ ರಾಜ್ಯೋತ್ಸವದ ವೇದಿಕೆ ಏಳುತ್ತಿತ್ತು. ಒಬ್ಬನು ಏಣಿ ಹತ್ತಿ ಲೈಟಿನ ಸರ ಕಟ್ಟುತ್ತಿದ್ದ, ಇನ್ನೊಬ್ಬ ಕಂಬದಿಂದ ವೈರು ಎಳೆಯುತ್ತಿದ್ದ. ಚಕ್ರಪಾಣಿ ಅದನ್ನು ನೋಡಿಯೂ ನೋಡದಂತೆ ಮುಂದೆ ಹೋದರು. ಆಮೇಲೆ ಅದಕ್ಕಾಗಿ ತುಂಬ ಪಶ್ಚಾತ್ತಾಪ ಪಟ್ಟರು.

ವಿಮಲಾ ಮೇಡಂ ಗೇಟಿನ ಹತ್ತಿರವೇ ತುಳಸಿಗೆ ನೀರು ಹಾಕುತ್ತಿದ್ದರು. ಶಾಲೆಯಲ್ಲಿ ಸಂಗೀತದ ಟೀಚರಾಗಿ ನಿವೃತ್ತರಾದವರು, ಈಗ ಮನೆಯಿಂದಲೇ ಕಂಪ್ಯೂಟರಿನಲ್ಲಿ ಮಕ್ಕಳಿಗೆ ದೇವರನಾಮ ಕಲಿಸುತ್ತಿದ್ದರು. ಗಂಡ ತೀರಿಕೊಂಡಿದ್ದರೂ ಅವರ ಮನೆ ಎಂದೂ ಖಾಲಿ ಇದ್ದದ್ದಿಲ್ಲ.

“ಅಯ್ಯೋ, ಮೆಸೇಜ್ ನೋಡ್ಲಿಲ್ವಾ ಸಾರ್? ಆಗೋಗಿದೆ ಅಂತ ಹಾಕಿದ್ನಲ್ಲ.”

“ನೋಡ್ದೆ ಮೇಡಂ. ಅದಕ್ಕೇ ಓಡಿ ಬಂದೆ. ಪಕ್ಕದಲ್ಲಿ ಯಾರೂ ಇಲ್ದೆ ಆಗಿದೆ ಅಂದ್ರೆ, ಹೇಗಾಗಿದೆಯೋ ಏನೋ.”

“ಚೆನ್ನಾಗೇ ಓಡ್ತಿದೆಯಲ್ಲ.”

“ಮೇಲ್ಮೇಲೆ ಹಾಗೇ ಕಾಣತ್ತೆ. ಒಳಗೆ ಸರಿಯಾಗಿ ಕೂತಿರಲ್ಲ.”

ವಿಮಲಾ ಮೇಡಂ ಚೊಂಬು ಕೆಳಗಿಟ್ಟರು. “ನಾಲ್ಕಕ್ಕೆ ಕ್ಲಾಸಿದೆ ಸಾರ್. ಗೊಟ್ಟಿಗೆರೆಯಿಂದ ಇಬ್ಬರು, ಹೊಸಕೆರೆಹಳ್ಳಿಯಿಂದ ಮೂವರು. ಮುಂದಿನ ವಾರ ಆ ಮಕ್ಕಳದ್ದು ಕಾರ್ಯಕ್ರಮ. ಇವತ್ತು ತಪ್ಪಿದ್ರೆ ಆಗಲ್ಲ.”

“ನಾನಿದೀನಲ್ಲ,” ಎಂದು ಚಕ್ರಪಾಣಿ ಒಳಗೆ ಹೋದರು.

ಕಂಪ್ಯೂಟರು ಪೂರ್ತಿ ಆರೋಗ್ಯವಾಗಿತ್ತು. ಅಪ್‌ಡೇಟ್ ಪಟ್ಟಿಯಲ್ಲಿ ಹಸಿರು ಗುರುತಿನ ಪಕ್ಕ ‘ಯಶಸ್ವಿ’ ಎಂದು ಬರೆದಿತ್ತು. ಚಕ್ರಪಾಣಿ ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಇಡೀ ಜೀವನದಲ್ಲಿ ಅವರು ಚೆನ್ನಾಗಿರುವ ಯಂತ್ರವನ್ನು ಕೆಡಿಸಿದವರಲ್ಲ. ಆದರೆ ಅರವತ್ನಾಲ್ಕನೆಯ ಹುಟ್ಟುಹಬ್ಬಕ್ಕೆ ಮೊಸರನ್ನ ನೆನಪಾಗಿ ಅವರ ಕೈ ತಾನಾಗಿಯೇ ‘ಅಪ್‌ಡೇಟ್ ತೆಗೆದುಹಾಕು’ ಎಂಬಲ್ಲಿಗೆ ಹೋಯಿತು. ತೆಗೆಯುವುದು, ಮತ್ತೆ ಹಾಕುವುದು. ಮೂರು ಗಂಟೆ. ಯಾರಿಗೂ ನಷ್ಟವಿಲ್ಲ. ಹಾಗೆಂದುಕೊಂಡು ಒತ್ತಿದರು. ಕೆಲಸ ಗಂಭೀರವಾಗಿದೆ ಎಂದು ಕಾಣಲಿ ಎಂದು ಬ್ಯಾಗಿನಿಂದ ತಮ್ಮ ರಿಪೇರಿ ಪೆನ್‌ಡ್ರೈವ್ ತೆಗೆದು ಕಂಪ್ಯೂಟರಿನ ಡಬ್ಬದ ಹಿಂಬದಿಗೆ ಚುಚ್ಚಿದರು.

ಪರದೆ ನೀಲಿಯಾಯಿತು. ‘ಕೆಲಸ ನಡೆಯುತ್ತಿದೆ. ಕಂಪ್ಯೂಟರ್ ಆಫ್ ಮಾಡಬೇಡಿ.’ ಚಕ್ರಪಾಣಿ ಬೆತ್ತದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಇನ್ನು ಅಡಿಗೆಮನೆಯಿಂದ ಒಗ್ಗರಣೆಯ ವಾಸನೆ ಬರುವುದೊಂದೇ ಬಾಕಿ.

ಹನ್ನೆರಡಾದರೂ ವಾಸನೆ ಬರಲಿಲ್ಲ. ಕುಕ್ಕರೂ ಕೂಗಲಿಲ್ಲ. ಹನ್ನೆರಡೂಕಾಲಿಗೆ ವಿಮಲಾ ಮೇಡಂ ಒಂದು ಬಾಳೆಹಣ್ಣು, ಒಂದು ಲೋಟ ಬಿಸಿ ಹಾಲು ತಂದಿಟ್ಟರು.

“ಇವತ್ತು ಇಷ್ಟೇ ಸಾರ್. ಏಕಾದಶಿ ಅಲ್ವಾ, ಅಡಿಗೆ ಮಾಡೋ ಹಾಗಿಲ್ಲ. ನೀವೂ ಮಾಡ್ತೀರಲ್ವಾ? ಹೆಸರೇ ಚಕ್ರಪಾಣಿ.”

ಎರಡು ವಾರ ಮೊದಲೇ ದಿನ ಗೊತ್ತು ಮಾಡಿದ ಮನುಷ್ಯ ಪಂಚಾಂಗದಲ್ಲಿ ರಾಹುಕಾಲ ನೋಡಿದ್ದರೇ ಹೊರತು ತಿಥಿ ನೋಡಿರಲಿಲ್ಲ. ಹಿಂದಿನ ಏಕಾದಶಿಯಂದು ಅವರು ಎರಡು ಖಾಲಿ ದೋಸೆ, ಒಂದು ಉದ್ದಿನವಡೆ ತಿಂದಿದ್ದರು.

“ಬಿಟ್ಟಿದ್ದೇ ಇಲ್ಲ ಮೇಡಂ,” ಎಂದರು.

ಎದ್ದು ಹೋಗೋಣವೆಂದರೆ ಯಂತ್ರ ನಡುದಾರಿಯಲ್ಲಿತ್ತು. ಬಾಳೆಹಣ್ಣಿನ ಸಿಪ್ಪೆ ಅರ್ಧ ಸುಲಿದಿದ್ದರಷ್ಟೇ, ಮೂಲೆಯ ಕಂಬದಲ್ಲಿ ಪಟ್ ಎಂದಿತು. ಫ್ಯಾನು ನಿಧಾನವಾಯಿತು, ಪರದೆ ಕಪ್ಪಾಯಿತು. ವೇದಿಕೆಯ ಲೈಟಿನ ಸರ ಬೀದಿಯ ಕರೆಂಟನ್ನು ಒಂದೇ ಗುಟುಕಿಗೆ ಕುಡಿದಿತ್ತು. ಯುಪಿಎಸ್ ಏನೋ ಇತ್ತು. ಅದರ ಮೇಲೆ ಕಸೂತಿ ಬಟ್ಟೆ ಹಾಕಿ, ಬಟ್ಟೆಯ ಮೇಲೆ ಗಣಪತಿಯನ್ನು ಕೂರಿಸಿದ್ದರು. ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು.

ಕಾಲು ಗಂಟೆಗೆ ಕರೆಂಟು ಬಂತು. ಚಕ್ರಪಾಣಿ ಸ್ವಿಚ್ ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು ಬಂದು ನಿಂತಿತು. ಕಂಪ್ಯೂಟರಿಗೆ ತಾನು ಎಲ್ಲಿಂದ ಶುರುವಾಗಬೇಕು ಎಂಬುದೇ ತಿಳಿಯುತ್ತಿಲ್ಲ ಎಂಬುದು ಅದರ ಸಾರಾಂಶ. ಅವರು ಆಫ್ ಮಾಡಿ ಮತ್ತೆ ಆನ್ ಮಾಡಿದರು. ಅದೇ ಸಾಲು. ತಾನು ಕೆಣಕದೆ ಇದ್ದಿದ್ದರೆ ಇದು ಈಗ ಹಾಡುತ್ತಿರುತ್ತಿತ್ತು.

“ಏನಾಯ್ತು ಸಾರ್?” ವಿಮಲಾ ಮೇಡಂ ಧ್ವನಿ ಒಂದು ಸ್ವರ ಮೇಲೆ ಹೋಗಿತ್ತು.

“ಏನಿಲ್ಲ. ಸ್ವಲ್ಪ ಯೋಚನೆ ಮಾಡ್ತಿದೆ.”

ಕರೆಂಟು ಯಾರ ಯಾರ ಮನೆಯಲ್ಲಿ ಬಂತು ಎಂದು ವಿಚಾರಿಸುತ್ತ ಪಕ್ಕದ ಮನೆಯ ಕೆಂಪರಾಜು ಒಳಗೆ ಬಂದರು. ಇಪ್ಪತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿದವರು. ಕಂಪ್ಯೂಟರಿನ ಡಬ್ಬದ ಮೇಲೆ ಅಂಗೈ ಇಟ್ಟು ನೋಡಿದರು.

“ಇಂಜಿನ್ ಬಿಸಿಯಾಗೈತೆ ಸಾ. ತಣ್ಣಗಾಗ್ಲಿ ಬಿಡಿ,” ಎಂದು ತಮ್ಮ ಮನೆಯಿಂದ ಟೇಬಲ್ ಫ್ಯಾನ್ ತಂದು ಅದರ ಮುಂದಿಟ್ಟರು.

ಟೇಬಲ್ ಫ್ಯಾನ್ ಹೋಗುವುದನ್ನು ಕಂಡು ಎದುರು ಮನೆಯ ಉಮಾಮಹೇಶ್ವರಿ ಬಂದರು. ಆಸ್ಪತ್ರೆಯೊಂದರ ಔಷಧಿ ಸ್ಟೋರಿನಲ್ಲಿ ಮೂವತ್ತು ವರ್ಷ ಇದ್ದವರು. ಯಾರ ಮನೆಗೆ ಹೋದರೂ ಮೊದಲು ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ತಾರೀಕು ನೋಡುವುದು ಅವರ ಕ್ರಮ. ಅವಧಿ ಮೀರಿದ ಸಾಂಬಾರುಪುಡಿಯನ್ನು ಪಕ್ಕದವರ ಅಡಿಗೆಮನೆಯಿಂದಲೇ ಎತ್ತಿಕೊಂಡು ಹೋಗಿ ಕಸಕ್ಕೆ ಹಾಕಿದ ಹೆಂಗಸು. ಅವರು ಬಂದವರೇ ಗಣಪತಿಯನ್ನು ಪಕ್ಕಕ್ಕಿಟ್ಟು, ಯುಪಿಎಸ್ ಮೈಮೇಲಿನ ಚೀಟಿ ಓದಿದರು.

“ನೋಡಿ, ಇಲ್ಲಿದೆ. ಇದು ಎಕ್ಸ್‌ಪೈರ್ ಆಗಿ ಯಾವ ಕಾಲ ಆಯ್ತು. ಇಂಥದ್ದನ್ನ ಮನೇಲಿ ಇಟ್ಕೊಂಡ್ರೆ ಇನ್ನೇನಾಗತ್ತೆ?”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ,” ಎಂದರು ಚಕ್ರಪಾಣಿ.

“ಎಲ್ಲಾದಕ್ಕೂ ಒಂದು ಡೇಟ್ ಇರತ್ತೆ ಸಾರ್. ನಾವು ನೋಡಿರಲ್ಲ ಅಷ್ಟೇ.”

ಚಕ್ರಪಾಣಿ ಅಂಗಿಯ ತೋಳು ಮಡಿಸಿದರು. ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು, ಬಿಟ್ಟು, ಮತ್ತೆ ಒತ್ತಬೇಕು ಎಂದು ವಿವರಿಸಿದರು. ಹೀಗೆ ಮೂರು ಸಲ ಮಾಡಿದರೆ ಸೇಫ್ ಮೋಡಿಗೆ ಹೋಗಬಹುದು. ಸೆಕೆಂಡು ಎಣಿಸುವ ಕೆಲಸವನ್ನು ಹಾಲಿನಲ್ಲಿದ್ದವರೆಲ್ಲ ವಹಿಸಿಕೊಂಡರು. ಒಂದು, ಎರಡು, ಮೂರು ಎಂದು ವಿಮಲಾ ಮೇಡಂ ತಾಳ ಹಾಕುತ್ತ ಎಣಿಸಿದರು. ಕೆಂಪರಾಜು ಸ್ವಲ್ಪ ಸ್ಪೀಡಾಗಿ ಎಣಿಸಿ ಏಳಕ್ಕೆ ಹತ್ತು ಮುಟ್ಟಿಸಿದರು. ಉಮಾಮಹೇಶ್ವರಿ ಅವರನ್ನು ಗದರಿ ಮೊದಲಿನಿಂದ ಶುರು ಮಾಡಿಸಿದರು. ಸೇಫ್ ಮೋಡ್ ಬರಲಿಲ್ಲ. ಆದರೆ ಮೂರನೆಯ ಸಲ ಎಲ್ಲರೂ ಒಟ್ಟಿಗೆ ‘ಹತ್ತು’ ಎಂದಾಗ ಎಲ್ಲರಿಗೂ ನಗು ಬಂತು.

ಚಕ್ರಪಾಣಿಗೂ ನಗು ಬಂತು. ಬಟನ್ ಮೇಲೆ ಬೆರಳಿಟ್ಟುಕೊಂಡೇ ಒಂದು ಸಲ ಸುತ್ತ ನೋಡಿದರು. ಹುಟ್ಟಿದ ದಿನ, ಮನೆ ತುಂಬ ಜನ, ಎಲ್ಲರ ಕಣ್ಣೂ ತಮ್ಮ ಮೇಲೆ. ಮನೆ ತಮ್ಮದಲ್ಲ, ಕಾರಣವೂ ಬೇರೆ, ಆದರೂ ಅವರಿಗೆ ತುಂಬ ಸಂತೋಷವಾಯಿತು. ಈಗ ಯಾರಾದರೂ ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡರು.

ಕೆಂಪರಾಜು ಕೇಳಿದರು, ಆದರೆ ಬೇರೆ ಏನನ್ನೋ. “ಸಾ, ಎರಡು ಗಂಟೆ ಆಯ್ತು. ನಮ್ಮನೇಲಿ ಬಸ್ಸಾರು, ಬಿಸಿ ಮುದ್ದೆ. ಬನ್ನಿ, ನಾಲ್ಕು ಜನ ಕೂತ್ಕೊಂಡು ಒಂದು ತುತ್ತು ಉಣ್ಣನ. ಅಷ್ಟರಲ್ಲಿ ಇದೂ ತಣ್ಣಗಾಯ್ತದೆ.”

ಚಕ್ರಪಾಣಿ ಅರ್ಧ ಎದ್ದೇಬಿಟ್ಟಿದ್ದರು.

“ಛೆ, ಅವರನ್ನ ಕರೀಬೇಡಿ ಕೆಂಪರಾಜು,” ಎಂದರು ವಿಮಲಾ ಮೇಡಂ. “ಅವರಿಗೆ ಏಕಾದಶಿ. ಒಂದು ಸಲಾನೂ ಬಿಟ್ಟಿಲ್ಲವಂತೆ. ನಾವು ಯಾಕೆ ವ್ರತ ಕೆಡಿಸೋದು?”

“ಓ, ತಪ್ಪಾಯ್ತು ಸಾ, ಗೊತ್ತಿರ್ಲಿಲ್ಲ,” ಎಂದು ಕೆಂಪರಾಜು ಎರಡೂ ಕೈ ಎತ್ತಿ ಮುಗಿದು ಊಟಕ್ಕೆ ಹೋದರು. ಉಮಾಮಹೇಶ್ವರಿಯೂ ಊಟಕ್ಕೆ ಹೋದರು. ವಿಮಲಾ ಮೇಡಂ, ಉಪವಾಸಕ್ಕೆ ತಲೆ ತಿರುಗುತ್ತಿದೆ, ಹತ್ತು ನಿಮಿಷ ಮಲಗುತ್ತೇನೆ ಎಂದು ಒಳಗೆ ಹೋದರು. ಹಾಲಿನಲ್ಲಿ ಚಕ್ರಪಾಣಿ, ಸತ್ತ ಕಂಪ್ಯೂಟರು ಮತ್ತು ಅದಕ್ಕೆ ಗಾಳಿ ಬೀಸುತ್ತಿದ್ದ ಟೇಬಲ್ ಫ್ಯಾನು ಉಳಿದರು.

ಎಷ್ಟೋ ಮನೆಗಳಲ್ಲಿ ಎಷ್ಟೋ ಗಂಟೆ ಅವರು ಹೀಗೆ ಕೂತಿದ್ದುಂಟು. ಆದರೆ ಅಲ್ಲಿ ಅಂಕಿ ಏರುತ್ತಿತ್ತು, ಯಾರಾದರೂ ಬಂದು “ಎಷ್ಟಾಯ್ತು ಸಾರ್?” ಎನ್ನುತ್ತಿದ್ದರು. ಇಲ್ಲಿ ಆ ಬಿಳಿ ಸಾಲು ಬಿಟ್ಟರೆ ಏನಿಲ್ಲ. ಪಕ್ಕದ ಮನೆಯಿಂದ ತಟ್ಟೆಯ ಸದ್ದು, ಕೆಂಪರಾಜುವಿನ ಹೆಂಡತಿ ಇನ್ನೊಂದು ಮುದ್ದೆ ಹಾಕಿಸಿಕೊಳ್ಳಿ ಎನ್ನುವುದು ಗೋಡೆ ದಾಟಿ ಕೇಳುತ್ತಿತ್ತು. ಚಕ್ರಪಾಣಿಗೆ ಹಸಿವಿಗಿಂತ ಹೆಚ್ಚಾಗಿ ತಮ್ಮ ಮೇಲೆಯೇ ಅಸಹ್ಯವಾಯಿತು. ಐದು ಮಕ್ಕಳು ನಾಲ್ಕು ಗಂಟೆಗೆ ಕಾದು ಕೂತಿರುತ್ತಾರೆ. ಒಂದು ಊಟಕ್ಕಾಗಿ ಇಷ್ಟೆಲ್ಲ ಮಾಡಿದ್ದಾಯಿತು. ಬಾಯಿಬಿಟ್ಟು ‘ಇವತ್ತು ನನ್ನ ಹುಟ್ಟುಹಬ್ಬ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅದನ್ನು ಹೇಳಲು ಅವರಿಗೆ ಯಾವತ್ತೂ ಬಾಯಿ ಬಂದಿರಲಿಲ್ಲ, ಕೇಳಿಸಿಕೊಂಡವರು “ಓ ಹೌದಾ” ಎಂದು ಸುಮ್ಮನಾಗಿಬಿಟ್ಟರೆ ಎಂಬ ಭಯ.

ಮೂರು ಗಂಟೆಗೆ ವಿಮಲಾ ಮೇಡಂ ಎದ್ದು ಬಂದು ಪರದೆ ನೋಡಿದರು. ಮೆಟ್ಟಿಲ ಹತ್ತಿರ ಹೋಗಿ ಮೇಲಕ್ಕೆ ಕೂಗಿದರು. ಮೇಲಿನ ಮನೆಯ ಬಾಡಿಗೆದಾರಳು ಮೈತ್ರೇಯಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ತಲೆಗೆ ಟವೆಲ್ ಸುತ್ತಿಕೊಂಡೇ ಇಳಿದು ಬಂದಳು. ಊಟ ಮುಗಿಸಿದ ಕೆಂಪರಾಜು ಮತ್ತು ಉಮಾಮಹೇಶ್ವರಿ ಅವಳ ಹಿಂದೆಯೇ ಬಂದರು.

ಮೈತ್ರೇಯಿ ಪರದೆಯ ಸಾಲು ಓದಿದಳು. ಬಗ್ಗಿ ಡಬ್ಬದ ಹಿಂಬದಿ ನೋಡಿದಳು.

“ಅಂಕಲ್, ಈ ಪೆನ್‌ಡ್ರೈವ್ ಯಾರ್ದು?”

ಚಕ್ರಪಾಣಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ಅದು... ನಂದು.”

“ಇದರಿಂದ ಸ್ಟಾರ್ಟ್ ಆಗೋಕೆ ಟ್ರೈ ಮಾಡ್ತಿದೆ ಪಾಪ. ಇದ್ರಲ್ಲೇನೂ ಇಲ್ಲ ಅನ್ಸತ್ತೆ.” ಅವಳು ಅದನ್ನು ಕಿತ್ತು ಅವರ ಕೈಗೆ ಕೊಟ್ಟು, ಸ್ವಿಚ್ ಒತ್ತಿದಳು. ಕಂಪ್ಯೂಟರು ಒಮ್ಮೆ ಕೆಮ್ಮಿದಂತೆ ಮಾಡಿ ಎಚ್ಚರವಾಯಿತು. ನೀಲಿ ಪರದೆ ಬಂತು. ಚುಕ್ಕಿಗಳು ಸುತ್ತತೊಡಗಿದವು. ಕೆಂಪರಾಜು, “ನಾನ್ ಹೇಳ್ಲಿಲ್ವಾ, ತಣ್ಣಗಾದ್ರೆ ಸರಿಹೋಯ್ತದೆ ಅಂತ,” ಎಂದರು.

ಮೂರೂವರೆಗೆ ಅಂಕಿ ಅರವತ್ನಾಲ್ಕಕ್ಕೆ ಬಂದು ನಿಂತಿತು. ಐದು ನಿಮಿಷ ಅಲ್ಲೇ ನಿಂತಿತ್ತು. ನನ್ನ ವಯಸ್ಸು ಯಂತ್ರಕ್ಕಾದರೂ ನೆನಪಿದೆ ಎಂದುಕೊಂಡರು ಚಕ್ರಪಾಣಿ. ಆಮೇಲೆ ಅದೂ ಮರೆತು ಎಪ್ಪತ್ತಕ್ಕೆ ಹಾರಿತು.

ಮೂರು ಐವತ್ತಕ್ಕೆ ಪಾಸ್‌ವರ್ಡ್ ಕೇಳಿತು. ಮೈತ್ರೇಯಿ ಕೀಬೋರ್ಡಿನ ಮೇಲೆ ಕೈಯಿಟ್ಟಳು. ವಿಮಲಾ ಮೇಡಂ ಕಣ್ಣು ಮುಚ್ಚಿ, ಮಂತ್ರ ಹೇಳಿಕೊಡುವಂತೆ ಒಂದೊಂದೇ ಅಂಕಿ ಹೇಳಿದರು. “ಒಂದು, ಐದು. ಒಂದು, ಒಂದು...”

ಮೈತ್ರೇಯಿಯ ಬೆರಳು ನಿಂತಿತು.

“ಒಂದ್ನಿಮಿಷ ಆಂಟಿ. ಹದಿನೈದು, ಹನ್ನೊಂದು. ಇವತ್ತಿನ ಡೇಟ್ ಅಲ್ವಾ ಇದು?”

ಚಕ್ರಪಾಣಿ ಕುರ್ಚಿಯ ತುದಿಗೆ ಸರಿದರು. ಹಿಂದಿನ ನಾಲ್ಕು ನವೆಂಬರಿನಲ್ಲಿ ಆಗದ್ದು, ಅವರು ಅಂದುಕೊಂಡಿದ್ದ ಮಾತಿನಲ್ಲೇ, ಅವರು ಕೂತಿರುವಾಗಲೇ ಆಗಿತ್ತು. ಹಾಲಿನಲ್ಲಿದ್ದವರೆಲ್ಲ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ವಿಮಲಾ ಮೇಡಂ ಕಣ್ಣು ಬಿಟ್ಟು ಚಕ್ರಪಾಣಿಯವರನ್ನು ನೋಡಿದರು. ಚಕ್ರಪಾಣಿ ನಾಚಿಕೆಯಿಂದ ಬ್ಯಾಗಿನ ಜಿಪ್ಪು ಹಿಡಿದುಕೊಂಡು ತಲೆ ತಗ್ಗಿಸಿ ಕಾದರು.

“ಎಕ್ಸ್‌ಪೈರಿ ಡೇಟು,” ಎಂದರು ಉಮಾಮಹೇಶ್ವರಿ.

“ಆ?”

“ಪಾಸ್‌ವರ್ಡಿಂದು. ಹದಿನೈದು ಹನ್ನೊಂದಕ್ಕೆ ಮುಗೀತು. ಅದಕ್ಕೇ ಬೆಳಗಿಂದ ಈ ಅವಸ್ಥೆ. ನಾನು ಬಂದ ತಕ್ಷಣ ಹೇಳ್ಲಿಲ್ವಾ, ಎಲ್ಲಾದಕ್ಕೂ ಒಂದು ಡೇಟ್ ಇರತ್ತೆ ಅಂತ.”

“ಮತ್ತೆ ಹತ್ತೊಂಬತ್ತು ಅರವತ್ತೊಂದು?” ಎಂದಳು ಮೈತ್ರೇಯಿ.

“ಬ್ಯಾ‌ಚ್ ನಂಬರು. ಮೂವತ್ತು ವರ್ಷ ಇದನ್ನೇ ನೋಡಿದೀನಮ್ಮ.”

ಹಾಲಿನಲ್ಲಿ ಎಲ್ಲರೂ ತಲೆಯಾಡಿಸಿದರು. ಬೆಳಗಿನಿಂದ ಅರ್ಥವಾಗದ್ದೆಲ್ಲ ಒಂದೇ ಮಾತಿನಲ್ಲಿ ಬಗೆಹರಿದ ಸಮಾಧಾನ ಅವರ ಮುಖದಲ್ಲಿತ್ತು. ವಿಮಲಾ ಮೇಡಂ ಮೆಚ್ಚುಗೆಯಿಂದ ಚಕ್ರಪಾಣಿಯವರ ಕಡೆ ನೋಡಿದರು. “ಅದಕ್ಕೇ ಸಾರ್ ಇವತ್ತೇ ಬರ್ಬೇಕು ಅಂತ ಎರಡು ವಾರ ಮೊದಲೇ ಗೊತ್ತು ಮಾಡಿದ್ದು. ನಾನು ಬೇಡ ಅಂದ್ರೂ ಬಂದ್ರು. ಅಲ್ವಾ ಸಾರ್?”

ಚಕ್ರಪಾಣಿ ಬಾಯಿ ತೆರೆದರು. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹೇಳಿದರೆ ಆರು ಮನೆಯ ಜನ ನಾಲ್ಕು ವರ್ಷ ಏನನ್ನು ಒತ್ತುತ್ತಿದ್ದರು ಎಂಬುದನ್ನೂ ಹೇಳಬೇಕು. ಯಾಕೆ ಎಂದು ಕೇಳಿದರೆ ಅದನ್ನೂ ಹೇಳಬೇಕು.

“ಹೌದು ಮೇಡಂ,” ಎಂದರು.

“ಹಾಗಾದ್ರೆ ಬೇಗ ಬೇರೆ ಪಾಸ್‌ವರ್ಡ್ ಹಾಕಮ್ಮ. ಕ್ಲಾಸಿಗೆ ಎಂಟು ನಿಮಿಷ ಇದೆ.”

“ಯಾವುದಾದ್ರೂ ನೆನಪಿರೋ ನಂಬರ್ ಹೇಳಿ ಆಂಟಿ. ಬರ್ತ್‌ಡೇ ಥರ.”

“ನಂದು ನಂಗೇ ಸರಿಯಾಗಿ ಗೊತ್ತಿಲ್ಲ. ಸ್ಕೂಲಲ್ಲಿ ಬರೆಸಿದ್ದು ಬೇರೆ. ಕೆಂಪರಾಜು, ನಿಮ್ದು ಯಾವಾಗ? ಪಾಪ, ಫ್ಯಾನ್ ಹೊತ್ಕೊಂಡು ಬಂದಿದಾರೆ.”

“ನಂದಾ?” ಕೆಂಪರಾಜು ತಲೆ ಕೆರೆದುಕೊಂಡರು. “ಡಿಸೆಂಬರ್ ಏಳು. ಐವತ್ತೊಂಬತ್ತು.”

ವಿಮಲಾ ಮೇಡಂ ಕ್ಯಾಲೆಂಡರಿನ ಹಾಳೆ ಮಗುಚಿದರು. “ಅರೆ, ಇನ್ನು ಮೂರು ವಾರ. ಭಾನುವಾರ ಬಂದಿದೆ. ಏಕಾದಶಿನೂ ಅಲ್ಲ. ನಾನು ಪಾಯಸ ಮಾಡ್ತೀನಿ.”

“ನಾನು ಪುಳಿಯೋಗರೆ ತರ್ತೀನಿ,” ಎಂದರು ಉಮಾಮಹೇಶ್ವರಿ. “ಪುಡಿ ಹೊಸದು.”

“ಅಯ್ಯೋ, ಅದೆಲ್ಲ ಯಾಕೆ ಅಕ್ಕ,” ಎಂದ ಕೆಂಪರಾಜುವಿನ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. “ಈವರೆಗೆ ಯಾರೂ ಮಾಡಿಲ್ಲ.”

“ಚಕ್ರಪಾಣಿ ಸಾರ್, ನೀವು ತಪ್ಪದೆ ಬರ್ಬೇಕು. ಹಾಡಿಗೆ ಸ್ಪೀಕರ್ ಕನೆಕ್ಟ್ ಮಾಡೋಕೆ ನಮಗೆ ಯಾರಿಗೂ ಬರಲ್ಲ.”

ಮೈತ್ರೇಯಿ ಹೊಸ ಪಾಸ್‌ವರ್ಡ್ ಹಾಕಿ, ಇನ್ನೊಂದೆರಡು ಕಡೆ ಒತ್ತಿದಳು. “ಆಂಟಿ, ನಿನ್ನೆ ಟೈಮ್ ಸೆಟ್ ಮಾಡಿ ಕೊಟ್ಟಿದ್ನಲ್ಲ, ಅದನ್ನ ಮತ್ತೆ ಹಾಕಿದೀನಿ. ಬೆಳಗಿನ ಜಾವ ಮೂರಕ್ಕೆ ಅದರ ಪಾಡಿಗೆ ಅದು ಅಪ್‌ಡೇಟ್ ಮಾಡ್ಕೊಳತ್ತೆ. ಯಾರೂ ಕೂತ್ಕೋಬೇಕಾಗಿಲ್ಲ.”

“ಪಕ್ಕದಲ್ಲಿ ಒಬ್ಬರು ಇರ್ಬೇಕಂತಲ್ಲ?”

“ಯಾಕೆ ಆಂಟಿ? ಹಾಗೇನಿಲ್ಲ.”

ವಿಮಲಾ ಮೇಡಂ ಕೆನ್ನೆಗೆ ಕೈ ಹಚ್ಚಿಕೊಂಡರು. “ಅಯ್ಯೋ ರಾಮ. ಇಷ್ಟು ವರ್ಷ ಸಾರ್‌ನ ಸುಮ್ಮಸುಮ್ಮನೆ ಕೂರಿಸಿ ಎಷ್ಟು ತೊಂದರೆ ಕೊಟ್ಟುಬಿಟ್ವಿ. ಅವರಿಗೂ ಅವರ ಮನೆ ಕೆಲಸ ಅಂತ ಇರಲ್ವಾ? ಕ್ಷಮಿಸಿ ಸಾರ್, ಇನ್ನು ನಿಮ್ಮನ್ನ ಹೀಗೆ ಕರೆಯಲ್ಲ. ಮೈತ್ರೇಯಿ, ಉಳಿದ ಐದು ಮನೆಗೂ ಹೋಗಿ ಹೀಗೇ ಮಾಡಿಕೊಟ್ಟು ಬಾಮ್ಮ. ಅಲ್ಲೂ ಎಕ್ಸ್‌ಪೈರ್ ಆಗಿರತ್ತೆ.”

ಅಷ್ಟರಲ್ಲಿ ಪರದೆಯ ಮೇಲೆ ಐದು ಪುಟ್ಟ ಮುಖಗಳು ಬಂದವು. ವಿಮಲಾ ಮೇಡಂ ಶ್ರುತಿಪೆಟ್ಟಿಗೆ ಹಾಕಿ, ಎಲ್ಲರಿಗೂ ಹೊರಡುವಂತೆ ಕೈಸನ್ನೆ ಮಾಡಿದರು. ಕ್ಲಾಸು ತಪ್ಪಲಿಲ್ಲವೆಂಬ ಒಂದು ಸಮಾಧಾನದೊಡನೆ ಚಕ್ರಪಾಣಿ ಚಪ್ಪಲಿ ಮೆಟ್ಟಿಕೊಂಡರು.

ದರ್ಶಿನಿಗೆ ಹೋದಾಗ ನಾಲ್ಕೂಕಾಲು. “ಊಟ ಮುಗೀತು ಸಾರ್. ಕಾಫಿ, ಬಜ್ಜಿ ಇದೆ,” ಎಂದ ಕೌಂಟರಿನವನು. ಬಜ್ಜಿ ಕೇಳಲು ಬಾಯಿ ತೆರೆದಾಗ ಪಕ್ಕದ ಅಂಗಡಿಯಲ್ಲಿ ಉಮಾಮಹೇಶ್ವರಿ ಹಾಲಿನ ಪ್ಯಾಕೆಟ್ಟಿನ ತಾರೀಕು ನೋಡುತ್ತ ನಿಂತಿರುವುದು ಕಾಣಿಸಿತು. ಚಕ್ರಪಾಣಿ ಕಾಫಿ ಮಾತ್ರ ಕುಡಿದರು. ಹೀಗೆ ಅವರ ಜೀವನದ ಮೊದಲ ಏಕಾದಶಿ ಉಪವಾಸ ಸಾಂಗವಾಗಿ ನಡೆಯಿತು.

ಮನೆಗೆ ಬಂದು ದೀಪ ಹಾಕುವಷ್ಟರಲ್ಲಿ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶಗಳು ಬರುತ್ತಿದ್ದವು. ಆರೂ ಮನೆಯ ಪಾಸ್‌ವರ್ಡ್ ಬದಲಾಗಿದೆ, ಹೊಸದು ಕೆಂಪರಾಜು ಅವರ ಹುಟ್ಟುಹಬ್ಬ, ಯಾರೂ ಮರೆಯಬೇಡಿ ಎಂದು ಮೈತ್ರೇಯಿ ಬರೆದಿದ್ದಳು. ಅದರ ಕೆಳಗೆ ಒಬ್ಬರ ಹಿಂದೆ ಒಬ್ಬರು ಅಡ್ವಾನ್ಸ್ ಹ್ಯಾಪಿ ಬರ್ತ್‌ಡೇ, ಕೇಕು, ಬಲೂನು, ಮುಗಿದ ಕೈ. ಹದಿನಾಲ್ಕು ಜನ ಕಳಿಸಿದ್ದರು. ಚಕ್ರಪಾಣಿ ಕನ್ನಡಕ ಒರೆಸಿಕೊಂಡು, ಅಕ್ಷರ ಹುಡುಕಿ ಹುಡುಕಿ ತಮ್ಮದೂ ಒಂದನ್ನು ಬರೆದು ಕಳಿಸಿದರು. ಅದು ಹದಿನೈದನೆಯದಾಯಿತು.

ಆಮೇಲೆ ತಮ್ಮ ಕಂಪ್ಯೂಟರ್ ಆನ್ ಮಾಡಿ, ಇಡೀ ಬೀದಿಯಲ್ಲಿ ಈಗ ಅವರೊಬ್ಬರೇ ಒತ್ತುವ ಎಂಟು ಅಂಕಿ ಒತ್ತಿದರು. ಒಂದು ದೊಡ್ಡ ಅಪ್‌ಡೇಟ್ ಕಾದಿದೆ, ಈಗ ಮಾಡಲೇ, ಆಮೇಲೆ ನೆನಪಿಸಲೇ ಎಂದು ಅದು ಕೇಳಿತು. ‘ಈಗ’ ಎಂಬುದನ್ನು ಒತ್ತಿದರು. ಪರದೆ ನೀಲಿಯಾಗಿ, ಶೇಕಡಾ ಒಂದು ಎಂದು ತೋರಿಸಿತು. ಮಂಚದ ಮೇಲೆ ಮಲಗಿಬಿಡಬಹುದಿತ್ತು, ಅದರ ಪಾಡಿಗೆ ಅದು ಆಗುತ್ತಿತ್ತು. ಚಕ್ರಪಾಣಿ ಕುರ್ಚಿ ಎಳೆದುಕೊಂಡು ಅದರ ಪಕ್ಕದಲ್ಲಿ ಕೂತರು.